ಕಣ್ಣಾರೆ ಕಂಡವರ ಅಡಿಟಿಪ್ಪಣಿ

ನಮ್ಮೂರ ಲೈಬ್ರರಿಯ ಗೌರಕ್ಕ ಬಿಡುವಿದ್ದಾಗ ಒಂದು ವಿಕಿ ನೋಡಿಕೊಳ್ಳುತ್ತಿದ್ದಳು. ಹಳೇ ಸಿನಿಮಾ ಹೀರೋ ಒಬ್ಬನ ಬಗ್ಗೆ ಅಭಿಮಾನಿ ಸಂಘದವರು ಸೇರಿ ಇಂಟರ್ನೆಟ್ಟಿನಲ್ಲಿ ಬರೆಯುವ ವಿಕಿ ಅದು. ಆಧಾರ ಕೊಡದೆ ಒಂದು ಸಾಲನ್ನೂ ಅವಳು ಸೇರಿಸಲು ಬಿಡುತ್ತಿರಲಿಲ್ಲ.

ಒಂದು ದಿನ ಸಂಘದ ಅಧ್ಯಕ್ಷ ಗುರುಬಸಪ್ಪನವರು ಸನ್ಮಾನದ ಶಾಲು ಹೊದ್ದುಕೊಂಡೇ ಬಂದರು.

"1972ರ ಶೂಟಿಂಗಲ್ಲಿ ನಮ್ಮ ಹೀರೋ ಹರಿಹರದ ಸೇತುವೆ ಮೇಲಿಂದ ಹೊಳೆಗೆ ತಾವೇ ಹಾರಿದ್ರು. ಡೂಪ್ ಅಲ್ಲ. ಬರಿ."

"ಆಧಾರ ಏನು ಸಾರ್?"

"ನಾನೇ ಆಧಾರ! ದಂಡೆ ಮೇಲೆ ನಿಂತು ಕಣ್ಣಾರೆ ನೋಡಿದೀನಿ. ಬರೀದಿದ್ರೆ ಸಂಜೆಯೊಳಗೆ ನಿನ್ನನ್ನ ವಿಕಿಯಿಂದ ತೆಗೆಸ್ತೀನಿ."

ಗೌರಕ್ಕ ವಾದ ಮಾಡಲಿಲ್ಲ. ಹೇಳಿದಂತೆಯೇ ಬರೆದಳು. ಕೆಳಗೆ ಅಡಿಟಿಪ್ಪಣಿ ಹಾಕಿ, ಜೋರಾಗಿ ಓದಿ ಹೇಳಿದಳು.

"ಆಧಾರ: ಕಣ್ಣಾರೆ ಕಂಡ ಗುರುಬಸಪ್ಪನವರ ಹೇಳಿಕೆ. ಟಿಪ್ಪಣಿ: ಇವರು ಹುಟ್ಟಿದ್ದು 1976ರಲ್ಲಿ. ಅದಕ್ಕೆ ಆಧಾರ: ಸಂಘದ ಪುಟದಲ್ಲಿ ಇವರೇ ಬರೆದುಕೊಂಡ ಪರಿಚಯ."

ಪೇಪರ್ ಓದುತ್ತಿದ್ದ ಮುದುಕರೊಬ್ಬರು ತಲೆಯೆತ್ತಿದರು. "ಹುಟ್ಟೋಕೆ ನಾಲ್ಕು ವರ್ಷ ಮುಂಚೆನೇ ನೋಡಿಬಿಟ್ರಾ ಅಧ್ಯಕ್ಷರೇ?"

"ಏಯ್, ನಾನು ಹುಟ್ಟಿದ್ದು ಅರವತ್ತ..." ಅಂದವರು ಅಲ್ಲಿಗೇ ಮಾತು ನಿಲ್ಲಿಸಿದರು. ಈಗ ಲೈಬ್ರರಿಯೆಲ್ಲ ಅವರನ್ನೇ ನೋಡುತ್ತಿತ್ತು.

"ಹೇಳಿ ಸಾರ್, ಈಗಲೇ ತಿದ್ತೀನಿ," ಅಂದಳು ಗೌರಕ್ಕ. "ನೀವು ಹುಟ್ಟಿದ್ದನ್ನೋ, ಅವರು ಹಾರಿದ್ದನ್ನೋ?"

ಗುರುಬಸಪ್ಪನವರು ಬಣ್ಣ ಹಚ್ಚಿದ ಮೀಸೆಯನ್ನು ಒಮ್ಮೆ ಸವರಿಕೊಂಡರು.

"ಡೂಪೇ ಇರಬೇಕು ಬಿಡಮ್ಮ," ಅಂದರು.