ಪೊಟರೆಯಲ್ಲಿ ಕೂತ ಚೈತನ್ಯ

ಒಂದು ಕಾಡಿನಲ್ಲಿ ಒಂದು ಮಂಗಟ್ಟೆ ಹಕ್ಕಿ ಸುಮ್ಮನೆ ಕೂತಿತ್ತು. ಅದರ ಹೆಂಡತಿ ಸತ್ತಿದ್ದಳು. ಬೆಳಿಗ್ಗೆ ಕೊಂಬೆಯ ಮೇಲೆ ಇದ್ದಳು. ಮಧ್ಯಾಹ್ನ ಕೆಳಗೆ ಬಿದ್ದಿದ್ದಳು. ಯಾಕೆ ಅಂತ ಯಾರಿಗೂ ಗೊತ್ತಾಗಲಿಲ್ಲ.

ಮಂಗಟ್ಟೆಗಳ ಸಂಸಾರವೇ ಬೇರೆ ಥರ. ಮೊಟ್ಟೆ ಇಡುವ ಕಾಲ ಬಂದರೆ ಹೆಂಡತಿ ಮರದ ಪೊಟರೆಯೊಳಗೆ ಹೋಗುತ್ತಾಳೆ. ಒಳಗಿನಿಂದ ಕೆಸರು ಮೆತ್ತಿ ಬಾಗಿಲು ಮುಚ್ಚಿಕೊಳ್ಳುತ್ತಾಳೆ. ಕೊಕ್ಕು ಹಿಡಿಸುವಷ್ಟು ಒಂದು ಸೀಳು ಬಿಡುತ್ತಾಳೆ. ಗಂಡ ಹಣ್ಣು ತಂದು ಆ ಸೀಳಿನಲ್ಲಿ ಕೊಡಬೇಕು. ತಿಂಗಳುಗಟ್ಟಲೆ ಮುಖ ಕಾಣಿಸುವುದಿಲ್ಲ. ಬೈಗುಳ ಮಾತ್ರ ಕೇಳಿಸುತ್ತದೆ.

"ಇದೇನು ಹುಳಿ ಹಣ್ಣು? ನಿಮ್ಮ ಅಮ್ಮನಿಗೂ ಇದನ್ನೇ ಕೊಡ್ತಿದ್ದಿರಾ?"

ಗಂಡನಿಗೆ ಅಷ್ಟು ಸಾಕು. ಒಳಗೆ ಇದ್ದಾಳೆ ಅಂತ ತಿಳಿದು ಮತ್ತೆ ಹಾರುತ್ತಾನೆ.

ಈ ವರ್ಷವೂ ಆ ಕಾಲ ಬಂತು. ತಾರೆ ಮರದಲ್ಲಿದ್ದ ಅವರ ಪೊಟರೆ ಬಾಯಿ ತೆರೆದುಕೊಂಡೇ ಇತ್ತು. ಮಂಗಟ್ಟೆ ಎದುರು ಕೊಂಬೆಯಲ್ಲಿ ಕೂತು ಅದನ್ನೇ ನೋಡುತ್ತಿತ್ತು. ಹೊಟ್ಟೆಗೆ ತಿನ್ನುವುದೂ ಮರೆತುಹೋಗಿತ್ತು.

ಮೊದಲು ಬಂದದ್ದು ಮರಕುಟಿಗ. ಅದಕ್ಕೆ ಎಲ್ಲವನ್ನೂ ಕುಟ್ಟಿ ನೋಡುವ ಚಟ. ಕುಟ್ಟಿ ಸಿಕ್ಕಿದ್ದು ನಿಜ, ಸಿಗದಿದ್ದದ್ದು ಸುಳ್ಳು ಅನ್ನುತ್ತಿತ್ತು.

"ಕುಟಿಗಣ್ಣ, ಅವಳು ಎಲ್ಲಿ ಹೋದಳು?" ಅಂತ ಮಂಗಟ್ಟೆ ಕೇಳಿತು.

"ಎಲ್ಲೂ ಹೋಗಿಲ್ಲ ಮಾರಾಯ. ಹೋಗೋಕೆ ಒಳಗೆ ಏನಿತ್ತು? ಈ ಕಾಡಿನ ಮರ ಎಲ್ಲಾ ಕುಟ್ಟಿದ್ದೀನಿ. ಆತ್ಮ ಅಂತ ಏನೂ ಸಿಕ್ಕಿಲ್ಲ. ಹುಳ ಸಿಕ್ಕಿದೆ. ಹುಳ ನಿಜ."

ಹಾಗೆಂದು ಮಂಗಟ್ಟೆಯ ಕೊಕ್ಕಿನ ಮೇಲಿದ್ದ ಕೊಂಬನ್ನೂ ಕುಟ್ಟಿ ನೋಡಿತು. ಟೊಕ್, ಟೊಕ್.

"ನೋಡು, ಇದೂ ಟೊಳ್ಳು. ಒಳಗೆ ಏನೂ ಇಲ್ಲ."

"ಏನೂ ಇಲ್ಲದಿದ್ದರೆ ನೋಯ್ತಿರೋದು ಯಾವುದು?"

ಮರಕುಟಿಗ ತಲೆ ಕೆರೆದುಕೊಂಡಿತು. "ಅದಕ್ಕೆ ಇನ್ನೂ ಸ್ವಲ್ಪ ಕುಟ್ಟಬೇಕು."

"ಬೇಡ," ಅಂದಿತು ಮಂಗಟ್ಟೆ.

ಸಂಜೆಗೆ ಪುನುಗು ಬೆಕ್ಕು ಬಂತು. ಹಣೆ ತುಂಬ ಬೂದಿ ಬಳಿದುಕೊಂಡಿತ್ತು. ಅದಕ್ಕೆ ಹಣ್ಣೆಂದರೆ ಪ್ರಾಣ. ತುದಿ ಕೊಂಬೆಯವರೆಗೆ ಹೋಗಿ ಕಿತ್ತುಕೊಳ್ಳಲು ಮಾತ್ರ ಸೋಮಾರಿತನ. ಅಂಥವರು ಸ್ವಾಮಿಗಳಾಗದೆ ಇನ್ನೇನಾದಾರು?

"ಮಗೂ, ಸತ್ತದ್ದು ದೇಹ. ಚೈತನ್ಯ ಸಾಯೋದಿಲ್ಲ," ಅಂದಿತು.

"ಚೈತನ್ಯ ಅಂದರೆ ಏನು ಬುದ್ಧಿ?"

"ನಿನ್ನೊಳಗೆ ಕೂತು ನೋಡ್ತಿದೆಯಲ್ಲ, ಅದು. ನನ್ನೊಳಗೂ ಅದೇ, ಈ ಮರದೊಳಗೂ ಅದೇ. ಇರೋದು ಅದೊಂದೇ."

"ಅರ್ಥ ಆಗಲಿಲ್ಲ ಬುದ್ಧಿ."

"ಆಗಬಾರದು. ಅರ್ಥ ಆದರೆ ಅದು ಚೈತನ್ಯ ಅಲ್ಲ."

ಬೆಕ್ಕು ಹತ್ತಿರ ಬಂದು ದನಿ ತಗ್ಗಿಸಿತು.

"ಹೆಂಡತಿ ಬೇಕೇನೋ?"

"ಬೇಕು."

"ಪೊಟರೆ ಬಾಯಲ್ಲಿ ಕೆಸರು ತಂದಿಡು. ಬೆಳಿಗ್ಗೆ ಬಂದು ನೋಡು. ಒಳಗೆ ಮಾತ್ರ ಇಣುಕಬೇಡ. ಕಣ್ಣಿಗೆ ಕಾಣೋದೆಲ್ಲ ಮಾಯೆ. ಹಣ್ಣು ತರೋದು ಮರೀಬೇಡ."

"ಹಣ್ಣು ಮಾಯೆ ಅಲ್ವಾ ಬುದ್ಧಿ?"

"ಮಾಯೆಯೇ. ಅದಕ್ಕೇ ಅದು ನಿನ್ನ ಹತ್ತಿರ ಇರಬಾರದು."

ಮಂಗಟ್ಟೆ ಕೆಸರು ತಂದಿಟ್ಟಿತು. ಆ ಮರಕ್ಕೆ ಬೇರಿನ ಹತ್ತಿರ ಇನ್ನೊಂದು ತೂತು ಇತ್ತು. ಹಕ್ಕಿಗಳು ಅಲ್ಲಿಗೆ ಹೋಗುವುದಿಲ್ಲ. ಬೆಕ್ಕು ಅಲ್ಲಿಂದ ನುಗ್ಗಿ ಮರದೊಳಗೇ ಮೇಲೆ ಹತ್ತಿತು. ಕೆಸರು ಮೆತ್ತಿ ಬಾಗಿಲು ಮುಚ್ಚಿತು. ಒಂದು ಸೀಳು ಬಿಟ್ಟಿತು. ತೃಪ್ತಿಯಾಗಿ ಬಾಲ ಎತ್ತಿತು.

ಬೆಳಿಗ್ಗೆ ಮಂಗಟ್ಟೆ ಬಂದು ನೋಡಿತು. ಬಾಗಿಲು ಒಳಗಿನಿಂದ ಮುಚ್ಚಿದೆ! ಹೆಂಡತಿಯಲ್ಲದೆ ಇನ್ಯಾರು ಒಳಗಿನಿಂದ ಮುಚ್ಚಿಯಾರು? ಸೀಳಿನಿಂದ ಘಮಘಮ ಪರಿಮಳ ಬರುತ್ತಿತ್ತು. ದೇವರ ಮನೆಯ ಪರಿಮಳ ಅಂದುಕೊಂಡಿತು. ಅದು ಬೆಕ್ಕಿನ ಬಾಲದ ಬುಡದ ಪರಿಮಳ.

ಮಂಗಟ್ಟೆ ಬಸರಿ ಹಣ್ಣು ತಂದಿತು. ಸೀಳಿನೊಳಗೆ ಇಟ್ಟಿತು. ಹಣ್ಣು ಮಾಯವಾಯಿತು. ಮತ್ತೆ ತಂದಿತು. ಅದೂ ಮಾಯ. ಅಂದಿನಿಂದ ಮಂಗಟ್ಟೆಗೆ ಅದೇ ಕೆಲಸ. ಸಿಹಿ ಹಣ್ಣೆಲ್ಲ ಪೊಟರೆಗೆ. ತಾನು ತಿಂದರೆ ತಿಂದಿತು, ಇಲ್ಲದಿದ್ದರೆ ಇಲ್ಲ. ಎದೆಯ ಮೂಳೆ ಚಾಚಿಕೊಂಡಿತು. ರೆಕ್ಕೆ ಬಡಿದರೆ ಉಸಿರು ಸಿಕ್ಕುತ್ತಿರಲಿಲ್ಲ. ಹಗಲೆಲ್ಲ ಸ್ವಾಮಿಗಳು ಸಮಾಧಿಯಲ್ಲಿ ಇರುತ್ತಿದ್ದರು. ಎಲ್ಲಿ ಅಂತ ಯಾರೂ ಕೇಳಲಿಲ್ಲ. ಸಂಜೆ ಹೊರಗೆ ಬಂದು ತೇಗುತ್ತಾ ಉಪದೇಶ ಮಾಡುತ್ತಿದ್ದರು.

ಮರಕುಟಿಗ ಇದನ್ನು ಕೇಳಿ ನಕ್ಕಿತು. "ತಡಿ, ಕುಟ್ಟಿ ಹೇಳ್ತೀನಿ," ಅಂತ ಬಂದು ಪೊಟರೆಯ ಪಕ್ಕಕ್ಕೆ ಕುಟ್ಟಿತು. ಟಪ್, ಟಪ್. ಮತ್ತೆ ಕುಟ್ಟಿತು. ಅದರ ಜುಟ್ಟು ನೆಟ್ಟಗಾಯಿತು.

"ಟೊಳ್ಳು ಸದ್ದು ಬರ್ತಾ ಇಲ್ಲ! ಒಳಗೆ ಏನೋ ಇದೆ. ದಪ್ಪಗಿದೆ. ಮೆತ್ತಗಿದೆ. ಚೈತನ್ಯಕ್ಕೆ ತೂಕ ಇದೆ ಕಣೋ!"

ಇಷ್ಟು ಹೇಳಿ ಕಾಡೆಲ್ಲ ಸಾರಿಕೊಂಡು ಬಂತು. ಬೆಕ್ಕಿಗೆ ಬೇಕಾದದ್ದೂ ಅಷ್ಟೇ. ಅವತ್ತು ಸಂಜೆ ಎದೆ ಸೆಟೆಸಿ ಹೇಳಿತು: "ಕೇಳಿದಿರಾ? ನಾವು ಕಣ್ಣು ಮುಚ್ಚಿ ಕಂಡದ್ದನ್ನು ವಿಜ್ಞಾನ ಈಗ ಕುಟ್ಟಿ ಕಂಡಿದೆ. ನಾಳೆಯಿಂದ ಎಲ್ಲರೂ ಹಣ್ಣು ತರಬೇಕು."

ಎಲ್ಲರೂ ತಂದರು. ಮಂಗಟ್ಟೆ ಮಾತ್ರ ಒಂದು ಬೆಳಿಗ್ಗೆ ಸರಿಯಾಗಿ ಮಾಗದ ಹಣ್ಣು ತಂದಿತು. ಹುಳಿ ಹಣ್ಣು. ಬೇಕಂತಲೇ ತಂದಿತ್ತು. ಸೀಳಿನೊಳಗೆ ಇಟ್ಟು ಕಿವಿ ಕೊಟ್ಟು ನಿಂತಿತು.

ಹಣ್ಣು ಒಳಗೆ ಹೋಯಿತು. ಯಾರೂ ಬೈಯಲಿಲ್ಲ.

ಮಂಗಟ್ಟೆ ಕೊಂಬೆಯ ಮೇಲೆ ಕೂತು ಯೋಚಿಸಿತು. ಹಾಗೇ ಕೆಳಗೆ ನೋಡಿತು. ಮರದ ಬುಡ ಚೊಕ್ಕಟವಾಗಿತ್ತು. ಅದು ಸರಿಯಲ್ಲ. ಮಂಗಟ್ಟೆ ಹೆಂಗಸರು ಮನೆ ಗಲೀಜು ಇಟ್ಟುಕೊಳ್ಳುವುದಿಲ್ಲ. ಹಿಕ್ಕೆಯನ್ನು ಸೀಳಿನಿಂದ ಹೊರಗೆ ಹಾರಿಸುತ್ತಾರೆ. ಎಲ್ಲಾ ಗಂಡಂದಿರ ತಲೆಯ ಮೇಲೂ ಬಿದ್ದದ್ದೇ. ಇವಳಂತೂ ಗುರಿ ತಪ್ಪಿದವಳಲ್ಲ.

ಸಂಜೆ ಮಂಗಟ್ಟೆ ಕೇಳಿತು: "ಬುದ್ಧಿ, ಇಷ್ಟು ತಿಂತಾಳೆ. ಹಿಕ್ಕೆ ಎಲ್ಲಿ?"

ಬೆಕ್ಕಿಗೆ ತೇಗು ಅರ್ಧಕ್ಕೇ ನಿಂತಿತು. "ಛೀ! ಚೈತನ್ಯಕ್ಕೆ ಹಿಕ್ಕೆ ಎಲ್ಲಿಂದ ಬರಬೇಕೋ?"

"ಹಸಿವು ಇದೆಯಲ್ಲ ಬುದ್ಧಿ?"

"ಪ್ರಶ್ನೆ ಕೇಳೋದು ಅಹಂಕಾರ."

"ನೋವು ಇದೆಯಾ?"

"ದೇಹವೇ ಇಲ್ಲ ಅಂದ ಮೇಲೆ ನೋವೆಲ್ಲಿ?"

"ಇರುವೆ ಕಚ್ಚಿದರೆ?"

"ಕಚ್ಚುವುದೂ ಚೈತನ್ಯ, ಕಚ್ಚಿಸಿಕೊಳ್ಳುವುದೂ ಚೈತನ್ಯ. ಯಾರು ಯಾರಿಗೆ ಕಚ್ಚೋದು? ಹೋಗು, ಹಣ್ಣು ಹುಡುಕು."

"ಆಗಲಿ ಬುದ್ಧಿ."

ಮಂಗಟ್ಟೆ ಮಾರನೆಯ ದಿನ ಬಿಸಿಲೇರಿದ ಮೇಲೆ ಬಂತು. ಕೊಕ್ಕಿನಲ್ಲಿ ಕೆಂಜಿಗದ ಪುಟ್ಟ ಗೂಡು ಇತ್ತು. ಎಲೆ ಸೇರಿಸಿ ಹೊಲಿದ ಗೂಡು. ಕೆಂಪಿರುವೆಗಳು ಆಗಲೇ ಸಿಟ್ಟಿಗೆದ್ದು ಕೊಕ್ಕಿನ ಮೇಲೆ ಹರಿಯುತ್ತಿದ್ದವು. ಕೊಕ್ಕು ಉದ್ದ ಇದ್ದದ್ದಕ್ಕೆ ಕಣ್ಣು ಉಳಿಯಿತು.

ಸೀಳಿನ ಮುಂದೆ ಬಂದಾಗ ಮಂಗಟ್ಟೆಗೆ ಒಂದು ಯೋಚನೆ ಬಂತು. ಒಳಗೆ ಇರುವುದು ಅವಳೇ ಆದರೆ? ಆದರೆ ಆಗಲಿ. ಬೈತಾಳೆ. ಮೂರು ತಲೆಮಾರು ಎತ್ತಿ ಬೈತಾಳೆ. ಅಷ್ಟಾದರೂ ಕೇಳಿಸಲಿ.

ಗೂಡನ್ನು ಒಳಗೆ ತಳ್ಳಿತು. ಕಾಯಿತು.

"ಅಯ್ಯಯ್ಯೋ! ಸತ್ತೆ! ಅಮ್ಮಾ!"

ಅದು ಅವಳ ದನಿ ಅಲ್ಲ.

ಮರದೊಳಗೆ ದಡದಡ ಸದ್ದಾಯಿತು. ಬೇರಿನ ತೂತಿನಿಂದ ಪುನುಗು ಬೆಕ್ಕು ಉರುಳಿ ಬಿತ್ತು. ಮೂಗಿನ ತುಂಬ ಇರುವೆ, ಬಾಲದ ಬುಡದಲ್ಲೂ ಇರುವೆ. ಕುಣಿಯಿತು, ಹೊರಳಿತು, ಅಂಡು ನೆಲಕ್ಕೆ ಉಜ್ಜಿತು. ಹಣೆಯ ಬೂದಿ ಬೆವರಿಗೆ ಕರಗಿ ಬಾಯಿಗೆ ಇಳಿಯಿತು. ಹಣ್ಣು ತಂದಿದ್ದವರೆಲ್ಲ ನಿಂತು ನೋಡಿದರು.

ಮಂಗಟ್ಟೆ ಮೇಲಿನಿಂದ ಕೇಳಿತು: "ಬುದ್ಧಿ, ಕಚ್ಚುವುದೂ ನೀವೇ, ಕಚ್ಚಿಸಿಕೊಳ್ಳುವುದೂ ನೀವೇ. ಯಾರಿಂದ ಯಾರು ಓಡ್ತಿದ್ದೀರಿ?"

ಬೆಕ್ಕು ಪಕ್ಕದ ಹೊಳೆಗೆ ಹಾರಿತು. ಆಮೇಲೆ ಆ ಕಾಡಿನಲ್ಲಿ ಕಾಣಿಸಲಿಲ್ಲ.

ಎಲ್ಲರೂ ಹೋದರು. ಮರಕುಟಿಗ ಮಾತ್ರ ಉಳಿಯಿತು. ಪೊಟರೆಯನ್ನು ಮತ್ತೊಮ್ಮೆ ಕುಟ್ಟಿತು. ಟೊಳ್ಳು.

"ನಾನು ಮೊದಲೇ ಹೇಳಿದ್ದೆ, ಏನೂ ಇಲ್ಲ ಅಂತ."

"ಮೊದಲು ಇಲ್ಲ ಅಂದೆ. ಆಮೇಲೆ ತೂಕ ಇದೆ ಅಂದೆ. ಈಗ ಮತ್ತೆ ಇಲ್ಲ ಅಂತೀಯ. ಕುಟಿಗಣ್ಣ, ಅವಳು ಎಲ್ಲಿ ಹೋದಳು ಅಂತ ನಿನಗೆ ಗೊತ್ತಾ?"

ಮರಕುಟಿಗ ಕೊಕ್ಕು ಎತ್ತಿತು. ಇಳಿಸಿತು. ಕುಟ್ಟಲಿಲ್ಲ.

"ಗೊತ್ತಿಲ್ಲ," ಅಂದಿತು.

"ನನಗೂ ಗೊತ್ತಿಲ್ಲ," ಅಂದಿತು ಮಂಗಟ್ಟೆ. "ಇದೇ ಮಾತನ್ನು ಯಾರಾದರೂ ಮೊದಲೇ ಹೇಳಿದ್ದರೆ ಜೊತೆಗೆ ಕೂತು ಅಳ್ತಿದ್ದೆ. ಇಷ್ಟು ಹಣ್ಣು ಹೊರುವ ಕೆಲಸ ಇರ್ತಿರಲಿಲ್ಲ."

ಮರಕುಟಿಗ ಅದರ ಪಕ್ಕಕ್ಕೆ ಸರಿದು ಕೂತಿತು. ಬಹಳ ಹೊತ್ತಾದ ಮೇಲೆ ಮಂಗಟ್ಟೆ ಎದ್ದು ಬಸರಿ ಮರಕ್ಕೆ ಹಾರಿತು. ಅವತ್ತು ತನ್ನ ಹೊಟ್ಟೆಗೆ ತಾನೇ ತಿಂದಿತು.

ನೀತಿ: ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲು ನಾಚಬಾರದು. ಎಲ್ಲಾ ಗೊತ್ತು ಎನ್ನುವವನು ಸಿಕ್ಕಿದರೆ ಅವನ ಮಾತು ಕೇಳುವ ಮೊದಲು ಹೊಟ್ಟೆ ನೋಡಬೇಕು.