ಬೆವರದ ಹೂಜಿ

ಕುಂಬಾರ ಸಿದ್ದಮಲ್ಲನ ತಿಗರಿಯ ಮೇಲೆ ಒಟ್ಟಿಗೇ ಹುಟ್ಟಿದ್ದರೂ, ಮೈತುಂಬ ಎಣ್ಣೆಬಣ್ಣ ಬಳಿಸಿಕೊಂಡ ಹೂಜಿಗೆ ಪಕ್ಕದ ನೀರಿನ ಗಡಿಗೆಯನ್ನು ಕಂಡರೆ ತಾತ್ಸಾರ.

"ಏನೇ ಇದು, ಮೈಯೆಲ್ಲ ಬೆವರು! ಕಲಾಕೃತಿ ಎಲ್ಲಾದರೂ ಬೆವರುತ್ತದೆಯೇ?" ಎಂದು ಮೂಗು ಮುರಿಯಿತು.

"ಬೆವರದಿದ್ದರೆ ನೀರು ತಣ್ಣಗಾಗುವುದಿಲ್ಲವಲ್ಲ, ತಂಗೀ," ಎಂದಿತು ಗಡಿಗೆ.

ಅಷ್ಟರಲ್ಲಿ ಪಟ್ಟಣದಿಂದ ಕಲಾವಿಮರ್ಶಕರೊಬ್ಬರು ಬಂದರು. ಹೂಜಿಗೆ ಮೂರು ಸುತ್ತು ಹಾಕಿ, ಅದರ ಕೊರಳು, ಬಳುಕು, ಬಣ್ಣಗಳನ್ನು ಅರ್ಧ ಗಂಟೆ ಹೊಗಳಿದರು. ಹೂಜಿ ಉಬ್ಬಿಹೋಯಿತು. ಮಾತಾಡಿ ಮಾತಾಡಿ ಗಂಟಲೊಣಗಿದ ವಿಮರ್ಶಕರು ಗಡಿಗೆಯಿಂದ ಎರಡು ಲೋಟ ನೀರು ಬಗ್ಗಿಸಿಕೊಂಡು ಗಟಗಟ ಕುಡಿದು, ಕಣ್ಣು ಮುಚ್ಚಿ "ಆಹಾ!" ಎಂದರು.

ಅರ್ಧ ಗಂಟೆಯ ಭಾಷಣದಲ್ಲಿ ಹೂಜಿಗೆ ಅದೊಂದು ಮಾತು ಸಿಕ್ಕಿರಲಿಲ್ಲ. ಅವರು ಹೋದ ಮೇಲೆ ಅದು ಮೆಲ್ಲಗೆ ಕೇಳಿತು: "ಅಕ್ಕಾ, ಬೆವರುವುದು ಹೇಗೆ, ಸ್ವಲ್ಪ ಹೇಳಿಕೊಡುತ್ತೀಯಾ?"