ಗದಿಗೆಪ್ಪ ಹಳೇ ಕಾಗದ ಮುಟ್ಟಿಸಿದ್ದು

ಫಕೀರವ್ವನಿಗೆ ಒಬ್ಬನೇ ಮಗ, ಗದಿಗೆಪ್ಪ. ವಯಸ್ಸು ಮೂವತ್ತೈದು. ಮೈಯಲ್ಲಿ ಎತ್ತಿನ ಕಸುವು, ಮನಸ್ಸು ಹಾಲಿನಂಥದು, ತಲೆ ಮಾತ್ರ ಮಂದ. ಹೇಳಿದ್ದನ್ನು ಹೇಳಿದಷ್ಟೇ ಮಾಡುವನು, ಗುಂಜಿಯಷ್ಟೂ ಹೆಚ್ಚಿಲ್ಲ, ಗುಂಜಿಯಷ್ಟೂ ಕಡಿಮೆಯಿಲ್ಲ.

“ನಾ ಕಣ್ಣು ಮುಚ್ಚಿದ ಮೇಲೆ ನಿನಗ ಯಾರೋ ಗತಿ?” ಅನ್ನುವಳು ತಾಯಿ.

“ಕಣ್ಣು ಮುಚ್ಚಬ್ಯಾಡಬೇ” ಅನ್ನುವನು ಮಗ.

ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಹಳೇ ಪುಸ್ತಕಗಳ ಕೋಣೆ ಅಂತ ಒಂದಿತ್ತು. ಓಲೆಗರಿಯ ಕಟ್ಟು, ಕೈಬರಹದ ಹೊತ್ತಿಗೆ, ತೀರಿಹೋದವರ ಪತ್ರ, ಇನ್ನೆಲ್ಲೂ ಸಿಗದವು ಅಲ್ಲಿದ್ದವು. ಮೂವತ್ತು ವರ್ಷ ಆ ಕೋಣೆಯ ಕಸ ಗುಡಿಸಿದವಳು ಫಕೀರವ್ವ. ಈಗ ಸೊಂಟ ಬಗ್ಗಿತ್ತು. ಕೋಣೆ ನೋಡಿಕೊಳ್ಳುವ ವತ್ಸಲಾ ಅಕ್ಕೋರ ಕಾಲು ಹಿಡಿದು ತನ್ನ ಜಾಗಕ್ಕೆ ಮಗನನ್ನು ಸೇರಿಸಿದಳು.

“ಅಕ್ಕೋರು ಹೇಳಿದಂಗ ಮಾಡು, ಮಗನ.”

“ಹೂಂನಬೇ. ಹೇಳಿದಂಗ ಮಾಡ್ತೀನಿ.”

ಮೊದಲ ದಿನ ಅಕ್ಕೋರು ಒಂದು ಓಲೆಗರಿ ಎತ್ತಿ ತೋರಿಸಿದರು. “ಇವು ಹಳೇವು, ಒಣಗ್ಯಾವ. ಹಳೇದಕ್ಕ ಎಣ್ಣಿ ಹಚ್ಚಬೇಕು, ಇಲ್ಲಾಂದ್ರ ಮುರೀತಾವ.”

ಗದಿಗೆಪ್ಪ ಓಲೆಗರಿಗೆಲ್ಲ ಎಣ್ಣೆ ಹಚ್ಚಿದ. ಸೀಸೆಯಲ್ಲಿ ಇನ್ನೂ ಎಣ್ಣೆ ಉಳಿದಿತ್ತು. ಪಕ್ಕದ ಕಪಾಟಿನಲ್ಲಿ ನೂರು ವರ್ಷದ ಪಂಚಾಂಗಗಳಿದ್ದವು. ಹಳೇವು! ಅವಕ್ಕೂ ಹಚ್ಚಿದ, ಹಾಳೆ ಹಾಳೆಗೂ ಹಚ್ಚಿದ. ಸಂಜೆ ಅಕ್ಕೋರು ಬಂದು ನೋಡಿದರೆ ಕಾಗದವೆಲ್ಲ ಹಪ್ಪಳದ ಹಾಗೆ ಹೊಳೆಯುತ್ತಿತ್ತು.

“ಅಯ್ಯೋ ಪುಣ್ಯಾತ್ಮ! ಕಾಗದಕ್ಕ ಯಾರರ ಎಣ್ಣಿ ಹಚ್ತಾರೇನೋ! ಕಾಗದ ಕಂಡ್ರ ಅರಿವೀಲೆ ಸುತ್ತಿ, ದಾರ ಕಟ್ಟಿ, ಕಪಾಟಿನಾಗಿಟ್ಟು ಕೀಲಿ ಹಾಕಬೇಕು!”

“ಹೂಂನ್ರಿ ಅಕ್ಕೋರ. ಸುತ್ತಿ, ಕಟ್ಟಿ, ಕೀಲಿ ಹಾಕ್ತೀನಿ.”

ಮರುವಾರ ಬಂದೇನವಾಜ ಮಾಸ್ತರು ಅಂತ ಒಬ್ಬರು ದೂರದೂರಿನಿಂದ ಬಂದರು. ಎಪ್ಪತ್ತು ದಾಟಿದ ಜೀವ. ಒಂದು ಓಲೆಗರಿ ಕಟ್ಟಿನ ಮುಂದೆ ನಾಲ್ಕು ದಿನ ಬಗ್ಗಿ ಕೂತು, ಹಾಳೆಯ ಮೇಲೆ ನಕಲು ಮಾಡಿಕೊಂಡರು. ಶನಿವಾರ ಮಧ್ಯಾಹ್ನ ಚಹಾ ಕುಡಿಯಲು ಎದ್ದರು. ಮೇಜಿನ ಮೇಲೆ ಅವರ ಹಾಳೆಗಳಿದ್ದವು. ಕಾಗದ! ಗದಿಗೆಪ್ಪ ಸುತ್ತಿದ, ಕಟ್ಟಿದ, ಕೀಲಿ ಹಾಕಿದ, ಕೀಲಿ ಜೇಬಿಗಿಟ್ಟುಕೊಂಡು ಮನೆಗೆ ಹೋದ. ಮಾಸ್ತರು ಎರಡು ದಿನ ಬಾಗಿಲಲ್ಲಿ ಕಾದರು. ಊರಿನ ಗಾಡಿ ತಪ್ಪಿತು.

ಸೋಮವಾರ ಅಕ್ಕೋರು ಗದಿಗೆಪ್ಪನನ್ನು ಎದುರಿಗೆ ನಿಲ್ಲಿಸಿಕೊಂಡರು. “ಕಾಗದ ಯಾರದು ಅಂತ ನೋಡಬಾರದೇನೋ! ಮೇಲೆ ಹೆಸರು ಇರ್ತದ. ಯಾರ ಹೆಸರು ಅದನೋ ಅವರ ಕೈಗೆ ಮುಟ್ಟಿಸಬೇಕು! ಇನ್ನೊಂದು ತಪ್ಪು ಮಾಡಿದ್ರ ಮನೀಗೆ ಕಳಸ್ತೀನಿ.”

“ಹೂಂನ್ರಿ ಅಕ್ಕೋರ. ಹೆಸರು ಇದ್ದವರಿಗೆ ಮುಟ್ಟಸ್ತೀನಿ.”

ಆ ಸುದ್ದಿ ಕೇಳಿ ಫಕೀರವ್ವ ಉಣ್ಣಲಿಲ್ಲ.

ಅದೇ ವಾರ ಕೋಣೆಗೆ ಒಂದು ಪತ್ರ ಬಂತು. ಹಳೇ ಟಪಾಲು ಕಚೇರಿ ಕೆಡವುವಾಗ ಗೋಡೆಯ ಸಂದಿಯಲ್ಲಿ ಸಿಕ್ಕಿದ್ದು, ಪ್ಲೇಗಿನ ವರ್ಷದ್ದು, ಇನ್ನೂ ಒಡೆಯದ್ದು. ಗದಿಗೆಪ್ಪ ಅಕ್ಷರ ಕೂಡಿಸಿ ಕೂಡಿಸಿ ಮೇಲಿನ ಹೆಸರು ಓದಿದ: ಶಿವಲಿಂಗವ್ವ, ಗಾಣಿಗೇರ ಓಣಿ.

ಹೆಸರಿದೆ! ಎತ್ತಿಕೊಂಡು ಹೊರಟೇಬಿಟ್ಟ.

ಗಾಣಿಗೇರ ಓಣಿಯ ಕಟ್ಟೆಯ ಮೇಲೆ ಒಬ್ಬ ಮುದುಕಿ ಕೂತಿದ್ದಳು.

“ಶಿವಲಿಂಗವ್ವ ಎಲ್ಲಿ ಇರ್ತಾಳಬೇ?”

“ಯಾರು, ಪ್ಲೇಗಿನಾಗ ಹೋದಾಕೇನು? ನಮ್ಮಜ್ಜಿ ಹೇಳ್ತಿದ್ದಳು. ಎಲ್ಲಾರೂ ಊರು ಬಿಟ್ಟರೂ ಈಕಿ ಗಂಡನ ದಾರಿ ನೋಡಿಕೋತ ಇಲ್ಲೇ ಉಳಿದಳಂತ. ಈಗ ರುದ್ರಭೂಮಿಯೊಳಗ ಬೇವಿನ ಗಿಡದ ಬಾಜೂಕ ಮಲಗ್ಯಾಳ.”

“ಓದಾಕ ಬರ್ತದೇನು ಆಕಿಗೆ?”

“ಆ ಕಾಲದಾಗ ಎಲ್ಲೀ ಓದಪ್ಪಾ!”

ಗದಿಗೆಪ್ಪ ರುದ್ರಭೂಮಿಗೆ ಹೋದ. ಬೇವಿನ ಮರದ ಪಕ್ಕ ಸವೆದ ಕಲ್ಲೊಂದಿತ್ತು. ಪತ್ರ ಒಡೆದ. ಓದಲು ಬಾರದವಳು ಅಂತ ತಾನೇ ಗಟ್ಟಿಯಾಗಿ ಓದಿ ಹೇಳತೊಡಗಿದ.

ಹುಡುಕುತ್ತ ಹುಡುಕುತ್ತ ಅಕ್ಕೋರೂ ಫಕೀರವ್ವನೂ ಓಡಿಬಂದರು. ಅಕ್ಕೋರು ಬೈಯಲು ಬಾಯಿ ತೆರೆದರು. ಅಷ್ಟರಲ್ಲಿ ಮಾತು ಕಿವಿಗೆ ಬಿತ್ತು.

“ನಾನು... ಕ್ಷೇಮ. ನೀನು... ಊರು ಬಿಟ್ಟು ಹೋಗು. ನನ್ನ ದಾರಿ... ನೋಡಬೇಡ. ಹೋಗದೇ ಉಳಿದಿದ್ದರೆ... ಸೋಮವಾರದ ಗಾಡಿಗೆ... ನಾನೇ ಬರುತ್ತೇನೆ. ಬಾಗಿಲು... ತೆಗೆದಿಡು. ಇಂತಿ, ಕಲ್ಲಪ್ಪ.”

ಅಕ್ಕೋರು ಬೈಯಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ಪತ್ರ ಇಸಿದುಕೊಂಡರು.

“ನನ್ನ ಮಗನ್ನ ಕೆಲಸದಿಂದ ಬಿಡಿಸಬ್ಯಾಡ್ರಿ, ಅಕ್ಕೋರ” ಅಂದಳು ಫಕೀರವ್ವ.

“ಬಿಡಸೂದಿಲ್ಲ ತಗೋ. ನೂರು ವರ್ಷದಿಂದ ಯಾರೂ ಮುಟ್ಟಿಸಿರಲಿಲ್ಲ, ಇವ ಮುಟ್ಟಿಸ್ಯಾನ” ಅಂದರು ಅಕ್ಕೋರು. ಆಮೇಲೆ ಗದಿಗೆಪ್ಪನ ಕಡೆ ತಿರುಗಿದರು. “ಬರೇ ಓದಿದ್ರ ಆಗೂದಿಲ್ಲೋ. ಕಾಗದದಾಗ ಏನು ಬರದದ ಅಂತ ತಿಳಕೊಂಡು, ಅದರಂಗ ನಡೀಬೇಕು.”

“ಹೂಂನ್ರಿ ಅಕ್ಕೋರ. ಬರದಂಗ ನಡೀತೀನಿ.”

ಸೋಮವಾರ ಗದಿಗೆಪ್ಪ ಕೆಲಸಕ್ಕೆ ಬರಲಿಲ್ಲ. ಫಕೀರವ್ವ ಊರೆಲ್ಲ ತಿರುಗಿ, ಕೊನೆಗೆ ರುದ್ರಭೂಮಿಗೆ ಬಂದಳು. ಸುಡುವ ಬಿಸಿಲಿನಲ್ಲಿ ಅವನು ಕಬ್ಬಿಣದ ಬಾಗಿಲಿನ ಒಂದು ಕದ ತೆರೆದು ಹಿಡಿದುಕೊಂಡು ನಿಂತಿದ್ದ. ಬೆಳಗಿನಿಂದ ಅಲ್ಲಿಂದ ಕದಲಿರಲಿಲ್ಲ.

“ಇಲ್ಲಿ ಯಾರಿಗೆ ಕಾಯಾಕತ್ತೀಯೋ, ನನ್ನಪ್ಪಾ!”

“ಕಲ್ಲಪ್ಪಗ. ಸೋಮವಾರದ ಗಾಡಿಗೆ ಬರ್ತಾನಂತ. ಬಾಗಿಲು ತಗದಿಡು ಅಂತ ಬರದಾನಲ್ಲಬೇ.”

ಹೊಡೆಯಲು ಎತ್ತಿದ ತಾಯಿಯ ಕೈ ಅಲ್ಲೇ ನಿಂತಿತು. ಅಷ್ಟರಲ್ಲಿ ಸ್ಟೇಶನ್ನಿನ ಕಡೆಯಿಂದ ಗಾಡಿ ಕೂಗಿದ್ದು ಕೇಳಿಸಿತು. ಗದಿಗೆಪ್ಪ ಲಗುಬಗೆಯಿಂದ ಅಂಗಿಯ ಗುಂಡಿ ಹಾಕಿಕೊಂಡ.

“ಬಂದ ನೋಡು! ಆ ಕದ ನೀ ಹಿಡಿ, ಯವ್ವಾ. ಅವನ ಕೈಯಾಗ ಗಂಟು ಇರ್ತಾವ.”